ನೂರನೇ ಕೈಗವಸು ಮುಗೀತು, ಒಂದಷ್ಟು ಜನಕ್ಕೆ ಥ್ಯಾಂಕ್ಸ್ ಹೇಳ್ಬೇಕು

ಎಲ್ರಿಗೂ ನಮಸ್ಕಾರ.

ನಿನ್ನೆ ರಾತ್ರಿ ನೂರನೇ ಕೈಗವಸು ಮುಗೀತು. ನೂರು ಜೊತೆ ಅಲ್ಲ, ಸ್ಟ್ರೋಕ್ ಆದೋರ ಕೈಗೆ ಅಂತ ಹೆಣೆದ ನೂರು ಒಂಟಿ ಕೈಗವಸು, ಯಾಕೆ ಒಂಟಿ ಅನ್ನೋದು ಮುಂದೆ ಬರುತ್ತೆ. ಕೊನೇ ಎಳೆ ಕತ್ತರಿಸಿ ಒಳಗೆ ಸೇರಿಸಿ ಮಾವನ ಕೈಗೆ ಕೊಟ್ಟೆ, ಅವರು ಎಡಗೈಲಿ ಹಿಡ್ಕೊಂಡು ಹೆಬ್ಬೆರಳಲ್ಲಿ ಉಜ್ಜಿ ನೋಡಿ ತಲೆ ಆಡ್ಸಿದ್ರು. ಆಮೇಲೆ ನಂಗೆ ನಿದ್ದೆನೇ ಬರ್ಲಿಲ್ಲ, ಈ ಒಂದು ವರ್ಷದಲ್ಲಿ ಯಾರ್ಯಾರು ನಮ್ಮ ಮನೆ ಬಾಗಿಲಿಗೆ ಬಂದ್ರು, ಯಾರ್ಯಾರು ಏನೇನು ಕೊಟ್ಟೋದ್ರು ಅಂತ ಒಂದೊಂದೇ ನೆನಪಾಗ್ತಾ ಹೋಯ್ತು, ಅದಕ್ಕೆ ಬೆಳಿಗ್ಗೆ ಎದ್ದು ಅಡುಗೆ ಮುಗ್ಸಿ ಇದನ್ನ ಬರೀತಾ ಕೂತಿದೀನಿ.

ಹೋದ ವರ್ಷ ದೀಪಾವಳಿ ಆದ ಮಾರನೇ ವಾರ. ಬೆಳಿಗ್ಗೆ ಮಾವ ಕಾಫಿ ಲೋಟ ಎತ್ಕೊಂಡ್ರು, ಎತ್ತಿದ ಲೋಟ ಹಂಗೇ ಜಾರಿ ಬಿತ್ತು, ನಾನು ಒರೆಸೋ ಬಟ್ಟೆ ತರೋಕೆ ಅಂತ ಒಳಗೆ ಹೋಗಿ ಬರೋದ್ರೊಳಗೆ ಬಾಯಿ ಒಂದು ಕಡೆ ವಾಲಿತ್ತು, ಮಾತು ತೊದಲ್ತಿತ್ತು. ಮನೆಯವ್ರು ಊರಲ್ಲಿರ್ಲಿಲ್ಲ. ಎದುರು ಮನೆ ಅಣ್ಣ ಅಂಗಡಿ ಬಾಗಿಲು ತೆಗೀತಾ ಇದ್ದೋರು ಅದನ್ನ ಅರ್ಧಕ್ಕೇ ಬಿಟ್ಟು ಗಾಡಿ ತಂದ್ರು. ರಕ್ತ ಹೆಪ್ಪುಗಟ್ಟಿ ಆಗೋ ಸ್ಟ್ರೋಕಿಗೆ ನಾಲ್ಕೂವರೆ ಗಂಟೆ ಒಳಗೆ ಹೋದ್ರೆ ಆ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡ್ಬಹುದಂತೆ, ಅದೂ ಸ್ಕ್ಯಾನ್ ಮಾಡಿ ನೋಡಿದ್ಮೇಲೆ. ನಾವು ಒಂದೂವರೆ ಗಂಟೇಲಿ ಒಳಗಿದ್ವಿ. ಅಣ್ಣ, ನಿಮ್ಗೆ ಏನು ಹೇಳ್ಬೇಕೋ ನಂಗೆ ಇವತ್ತಿಗೂ ಗೊತ್ತಾಗ್ತಿಲ್ಲ. ನಿಮ್ಮ ಋಣ ನಮ್ಮ ಮನೆ ಮೇಲಿದೆ.

ಜೀವ ಉಳೀತು. ಬಲಗೈ ಮತ್ತೆ ಮಾತು ಪೂರ್ತಿ ವಾಪಸ್ ಬರ್ಲಿಲ್ಲ.

ಆ ಬಲಗೈ ಬಗ್ಗೆ ಸ್ವಲ್ಪ ಹೇಳ್ಬೇಕು. ನಮ್ಮ ಮಾವ ಚಳ್ಳಕೆರೆ ಕಡೆಯವ್ರು, ಕಂಬಳಿ ನೇಯೋ ಮನೆ. ನಮ್ಮಲ್ಲಿ ಗಂಡಸರು ಮಗ್ಗಕ್ಕೆ, ಹೆಂಗಸರು ರಾಟೆಗೆ. ಡೆಕ್ಕನಿ ಕುರಿ ಕರಿ ಉಣ್ಣೆನ ಅತ್ತೆ ಬಿಡಿಸಿ ನೂಲ್ತಿದ್ರು, ಮಾವ ಹಾಸಿನ ಎಳೆಗೆ, ಅಂದ್ರೆ ಮಗ್ಗದ ಉದ್ದಕ್ಕೆ ಎಳೆಯೋ ನೂಲಿಗೆ, ಹುಣಸೆ ಬೀಜದ ಗಂಜಿ ಬಳಿದು ಒಣಗಿಸಿ, ನೆಲದಲ್ಲಿ ಗುಂಡಿ ತೋಡಿ ಕೂರಿಸಿದ ಮಗ್ಗಕ್ಕೆ ಇಳೀತಿದ್ರು. ಆ ಗಂಜಿ ಹಾಕಿದ ಹೊಸ ಕಂಬಳಿ ಹಲಗೆ ಥರ ನಿಲ್ಲುತ್ತೆ, ಮಳೆ ನೀರು ತಕ್ಷಣಕ್ಕೆ ಒಳಗಿಳಿಯಲ್ಲ. ಬೀರಪ್ಪನ ಗುಡೀಲಿ ಗದ್ದುಗೆ ಹಾಸೋಕೂ ಕರಿ ಕಂಬಳಿನೇ ಆಗ್ಬೇಕು. ಈಗ ಮಗ್ಗ ಇಲ್ಲ, ಗುಂಡಿ ಮುಚ್ಚಿ ಮೇಲೆ ಸಿಮೆಂಟ್ ಹಾಕಿ ಬಹಳ ವರ್ಷ ಆಯ್ತು, ಮಿಲ್ಲಿನ ಬ್ಲಾಂಕೆಟ್ಟು ಬಂದ್ಮೇಲೆ ಅಷ್ಟು ದಿನದ ಕೆಲ್ಸಕ್ಕೆ ತಕ್ಕ ರೇಟ್ ಯಾರು ಕೊಡ್ತಾರೆ. ಆದ್ರೆ ಅತ್ತೆ ನೂತಿಟ್ಟ ನೂಲಿನ ಲಡಿಗಳು ಟ್ರಂಕಿನಲ್ಲಿ ಬೇವಿನ ಸೊಪ್ಪಿನ ಜೊತೆ ಹಂಗೇ ಇದ್ವು. ಮಾವ ಆಸ್ಪತ್ರೆಯಿಂದ ಬಂದ್ಮೇಲೆ ಮೊದಲು ಕೈ ತೋರಿಸಿದ್ದೇ ಆ ಟ್ರಂಕಿನ ಕಡೆಗೆ.

ಚಿತ್ರದುರ್ಗದ ಚಳಿಗಾಲ ಗೊತ್ತಿರೋರಿಗೆ ಗೊತ್ತು, ಜೋಗಿಮಟ್ಟಿ ಬೆಟ್ಟದ ಕಡೆಯಿಂದ ಬೀಸೋ ಗಾಳಿ ಕಿಟಕಿ ಸಂದೀಲೂ ನುಗ್ಗುತ್ತೆ. ಮಾವನ ಎಡಗೈ ಬೆಚ್ಚಗಿರ್ತಿತ್ತು, ಬಲಗೈ ಮುಟ್ಟಿದ್ರೆ ತಣ್ಣಗೆ. ಸ್ಟ್ರೋಕ್ ಆದ ಕೈ ಎಷ್ಟೋ ಜನಕ್ಕೆ ಹಂಗೆ ತಣ್ಣಗಾಗುತ್ತೆ ಅಂತ ಆಮೇಲೆ ತಿಳೀತು. ಅಂಗಡಿ ಗ್ಲೌಸ್ ತಂದ್ವಿ, ಹಾಕೋಕಾಗ್ಲಿಲ್ಲ, ಯಾಕಂದ್ರೆ ಮುಷ್ಟಿ ಬಿಗಿಯಾಗಿ ಮುಚ್ಕೊಂಡಿತ್ತು, ಒಂದೊಂದೇ ಬೆರಳು ಬಿಡಿಸಿ ತೂರಿಸೋಕೆ ಹೋದ್ರೆ ಅವ್ರ ಕಣ್ಣಲ್ಲಿ ನೀರು. ಅವಾಗ ನಾನು ಟ್ರಂಕಿನ ಕರಿ ನೂಲು ತೆಗೆದು, ಚಿಕ್ಕವಳಿದ್ದಾಗ ಶಾಲೇಲಿ ಟೀಚರ್ ಕಲಿಸಿದ ಎರಡು ಸೀದಾ ಎರಡು ಉಲ್ಟಾ ನೆನಪು ಮಾಡ್ಕೊಂಡು, ಬೆರಳೇ ಇಲ್ಲದ ಒಂದು ಚೀಲದ ಥರ ಹೆಣೆದು ಹಾಕಿದೆ. ಕೈ ಬೆಚ್ಚಗಾಯ್ತು. ನಾಲ್ಕನೇ ದಿನಕ್ಕೆ ತೆಗೆದು ನೋಡಿದ್ರೆ ಮಣಿಕಟ್ಟಿನ ಸುತ್ತ ಕೆಂಪಗೆ ಗುಳ್ಳೆ. ಅವ್ರಿಗೆ ಆ ಕೈಲಿ ಚುಚ್ಚಿದ್ದು ಗೊತ್ತಾಗಲ್ಲ, ಗೊತ್ತಾದ್ರೂ ಹೇಳೋಕೆ ಮಾತಿಲ್ಲ. ಆ ದಿನ ನಾನು ಅಡುಗೆಮನೇಲಿ ಕೂತು ಅತ್ತಿದೀನಿ, ಆ ತಪ್ಪು ಮಾಡಿದ್ದು ನಾನೇ.

ಅವಾಗ ಮನೆಗೆ ಬರ್ತಿದ್ದ ಫಿಸಿಯೋ ಮೇಡಮ್ ಬೈಲಿಲ್ಲ. ಪಕ್ಕದಲ್ಲಿ ಕೂತು ಹೇಳಿಕೊಟ್ರು. 30 ಮೈಕ್ರಾನಿಗಿಂತ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪ ಇರೋ ಎಳೆ ತುದಿ ಚರ್ಮಕ್ಕೆ ಚುಚ್ಚುತ್ತಂತೆ, ಕಂಬಳಿ ಉಣ್ಣೇಲಿ ಅಂಥದ್ದೇ ಜಾಸ್ತಿ, ಹೊದೆಯೋಕೆ ಚೆನ್ನ, ಸ್ಪರ್ಶ ಇಲ್ಲದ ಚರ್ಮಕ್ಕೆ ನೇರ ತಾಗಿಸೋಕಲ್ಲ. ಅಂಗೈ ಯಾವಾಗ್ಲೂ ಒಣಗಿರ್ಬೇಕು, ಮುಚ್ಚಿದ ಮುಷ್ಟಿ ಬೆವರಿದ್ರೆ ಹುಣ್ಣಾಗುತ್ತೆ, ದಿನಕ್ಕೆ ಎರಡು ಸಲ ಬಿಚ್ಚಿ ತೊಳೆದು ಒರೆಸಿ ನೋಡ್ಬೇಕು, ಮುಷ್ಟಿ ಒಳಗೆ ಬಟ್ಟೆ ಸುರುಳಿ ಇಟ್ರೆ ಬೆರಳು ಅಂಗೈಗೆ ಒತ್ತಲ್ಲ. ಮೇಡಮ್, ನೀವು ಅವತ್ತು ಅರ್ಧ ಗಂಟೆ ಜಾಸ್ತಿ ಕೂತು ಪೇಪರ್ ಮೇಲೆ ಗೆರೆ ಎಳೆದು ತೋರಿಸದಿದ್ರೆ ನಾನು ಹೆಣೆಯೋ ಕಡ್ಡಿ ಎತ್ತಿಟ್ಟುಬಿಡ್ತಿದ್ದೆ.

ಅಲ್ಲಿಂದ ಈಗಿನ ಡಿಸೈನ್ ಬಂತು, ಆರೇಳು ಸಲ ಬಿಚ್ಚಿ ಹೆಣೆದ ಮೇಲೆ. ಅಂಗೈ ಕಡೆ ಮತ್ತೆ ಒಳಗಿನ ಪದರ ಪೂರ್ತಿ ಕೈನೂಲು ಹತ್ತಿ, ಹೊರಗೆ ಮೇಲ್ಗೈ ಕಡೆ ಮಾತ್ರ ಉಣ್ಣೆ. ತೂರಿಸೋದೇ ಇಲ್ಲ, ಚಪ್ಪಟೆ ತುಂಡು, ಮುಷ್ಟಿ ಕೆಳಗಿಟ್ಟು ಸುತ್ತಿ ಮುಚ್ಚೋದು. ವೆಲ್ಕ್ರೋ ಹಾಕಿದ್ದೆ, ಅದು ಉಣ್ಣೆಗೆ ಹಿಡ್ಕೊಂಡು ಒಂದು ವಾರಕ್ಕೇ ನೂಲೆಲ್ಲಾ ಎದ್ದು ಬಂತು. ಆಮೇಲೆ ನಮ್ಮ ಬೀದಿ ಬಡಗಿ ಕಾಕಾ ತೆಂಗಿನ ಕರಟದಲ್ಲಿ ಉದ್ದನೆ ಗುಂಡಿ ಮಾಡ್ಕೊಟ್ರು, ದಾರದ ಕುಣಿಕೆ ಒಳಗೆ ಅದನ್ನ ತೂರಿಸಿದ್ರೆ ಆಯ್ತು, ಒಂದೇ ಕೈಲಿ ಹಾಕ್ಕೋಬಹುದು. ನೂರು ಗುಂಡಿ ಅವ್ರೇ ಮಾಡಿದ್ದು, ಒಂದು ರೂಪಾಯಿ ಮುಟ್ಟಿಲ್ಲ. ಕಾಕಾ, ಮಾವ ಮೊದಲ ಸಲ ತಾವೇ ಗುಂಡಿ ಹಾಕ್ಕೊಂಡ ದಿನ ನಿಮ್ಮನ್ನ ಕರೆಯೋಕೆ ಓಡಿ ಬಂದಿದ್ದೆ, ನೆನಪಿದೆ ಅಲ್ವಾ.

ಇನ್ನು ನೂಲು. ಅತ್ತೆ ಟ್ರಂಕಿನ ನೂಲು ಎಂಟು ಕೈಗೇ ಮುಗೀತು. ಅಷ್ಟೊತ್ತಿಗೆ ಫಿಸಿಯೋ ಮೇಡಮ್ ಹತ್ರ ಬರೋ ಬೇರೆ ಪೇಷಂಟ್‌ಗಳ ಮನೆಯವ್ರು ಕೇಳೋಕೆ ಶುರು ಮಾಡಿದ್ರು. ಗೆಳತಿಯರಿಗೆ ಒಂದು ಮೆಸೇಜ್ ಹಾಕಿದೆ, ಮನೇಲಿ ಸ್ವೆಟರ್ ಹೆಣೆದು ಉಳಿದ ಉಲ್ಲನ್ ಇದ್ರೆ ಕೊಡಿ ಅಂತ. ಏನು ಬಂತು ಅಂತೀರಾ, ಶಿವಮೊಗ್ಗ, ದಾವಣಗೆರೆ, ಮೈಸೂರು, ಎಲ್ಲಾ ಕಡೆಯಿಂದ ಕವರ್ ತುಂಬಾ ಅರ್ಧ ಉಂಡೆ ಕಾಲು ಉಂಡೆ. ಎಲ್ಲರ ಪತ್ರದಲ್ಲೂ ಒಂದೇ ಮಾತು, ಇದು ಸ್ವಲ್ಪನೇ ಇದೆ, ಒಂದು ಜೊತೆಗೂ ಸಾಕಾಗಲ್ಲ ಅನ್ಸುತ್ತೆ, ತಪ್ಪು ತಿಳ್ಕೋಬೇಡಿ ಅಂತ. ಆದ್ರೆ ನಂಗೆ ಜೊತೆ ಬೇಕಿರ್ಲೇ ಇಲ್ಲ! ಸ್ಟ್ರೋಕ್ ಆದೋರಿಗೆ ಸಾಮಾನ್ಯವಾಗಿ ಒಂದೇ ಕಡೆ ಕೈಗೆ ತೊಂದ್ರೆ, ಒಂದೇ ಕೈಗವಸು ಸಾಕು. 20 ಗ್ರಾಂ ಉಣ್ಣೆ, 15 ಗ್ರಾಂ ಹತ್ತಿ ನೂಲು, ಒಂದು ಕೈ ಆಯ್ತು. ನೀವು ಕಪಾಟಿನ ಮೂಲೇಲಿ ಎಸೆಯೋಕೆ ಮನಸ್ಸಿಲ್ದೆ ಇಟ್ಕೊಂಡಿದ್ದ ಪುಟ್ಟ ಉಂಡೆ ಅಳತೆ ಮಾಡಿ ಕಳ್ಸಿದ ಹಾಗಿತ್ತು.

ಬಂದ ನೂಲನ್ನೆಲ್ಲಾ ಒಂದೆಳೆ ಕತ್ತರಿಸಿ ಬೆಂಕಿಗೆ ಹಿಡಿದು ನೋಡ್ತಿದ್ದೆ. ಕೂದಲು ಸುಟ್ಟ ವಾಸನೆ ಬಂದು ಬೂದಿಯಾದ್ರೆ ಉಣ್ಣೆ, ಕರಗಿ ಗಟ್ಟಿ ಮಣಿಯಾದ್ರೆ ಅಕ್ರಿಲಿಕ್. ಎರಡನ್ನೂ ಒಂದೇ ತುಂಡಲ್ಲಿ ಬೆರೆಸಬಾರದು, ಒಗೆದಾಗ ಉಣ್ಣೆ ಕುಗ್ಗುತ್ತೆ, ಅಕ್ರಿಲಿಕ್ ಕುಗ್ಗಲ್ಲ, ಅಂಚೆಲ್ಲಾ ಸುಕ್ಕು. ಅಕ್ರಿಲಿಕ್ ಬಂದಿದ್ದೂ ವೇಸ್ಟ್ ಆಗಿಲ್ಲ, ಬೆವರು ಹೀರಲ್ಲ ಅಂತ ಕೈಗೆ ಹಾಕ್ಲಿಲ್ಲ ಅಷ್ಟೇ, ವೀಲ್ ಚೇರ್‌ನಲ್ಲಿ ಕೂರೋರಿಗೆ ಮಂಡಿ ಮೇಲೆ ಹಾಕೋ ಚೌಕ ಆಯ್ತು. ಬಿಳಿ ಕೈನೂಲು ಹತ್ತಿ ಮಾತ್ರ ಖಾದಿ ನೂಲಿಗೆ ಹೆಸರಾದ ಬದನವಾಳು ಕಡೆ ಹೋಗಿ ಬರೋ ಗೆಳತಿ ತಂದ್ಕೊಟ್ಟಿದ್ದು, ಅಕ್ಕ, ನೀನು ದುಡ್ಡು ತಗೊಳ್ಳದೇ ಇದ್ದಿದ್ದು ನಂಗೆ ಇನ್ನೂ ಬೇಜಾರೇ.

ಕರಿ ಉಣ್ಣೆಗೆ ಅತ್ತೆಯ ಚಿಕ್ಕಮ್ಮನ ಹತ್ರ ಹೋದೆ, ಊರಲ್ಲಿ ಇನ್ನೂ ರಾಟೆ ತಿರುಗಿಸೋರು ಅವ್ರೊಬ್ರೇ. ನಾನು ಹೆಣೆದಿದ್ದ ತುಂಡು ತೋರಿಸಿದೆ, ಅದು ಓರೆಯಾಗಿ ತಿರುಚ್ಕೊಂಡಿತ್ತು, ಯಾಕೆ ಅಂತ ನಂಗೆ ತಿಂಗಳುಗಟ್ಲೆ ಗೊತ್ತಾಗಿರ್ಲಿಲ್ಲ. ಅಜ್ಜಿ ಮುಟ್ಟಿ ನೋಡಿದ ಕೂಡ್ಲೇ, "ಇದು ಹಾಸಿನ ನೂಲು ಕಣವ್ವ, ಮಗ್ಗಕ್ಕೆ ಎಳೆಯೋಕೆ ಅಂತ ಬಿಗಿ ಹುರಿ ಹಾಕಿರ್ತೀವಿ, ಒಂದೆಳೆ ಹಂಗೇ ಹೆಣೆದ್ರೆ ಅದು ತಿರುಗ್ದೆ ಇರುತ್ತಾ" ಅಂದ್ರು. ಹೊಕ್ಕಿನ ನೂಲಿನ, ಅಂದ್ರೆ ಅಡ್ಡ ನೇಯೋ ನೂಲಿನ, ಹದಕ್ಕೆ ಸಡಿಲವಾಗಿ ನೂತು, ಎರಡೆಳೆ ಸೇರಿಸಿ ಉಲ್ಟಾ ಹುರಿ ಹಾಕಿ ಕೊಟ್ರು. ಮತ್ತೆ ಓರೆ ಆಗ್ಲಿಲ್ಲ. ತಣ್ಣೀರಲ್ಲಿ ಅಂಟುವಾಳ ನೊರೆಗೆ ಅದ್ದಿ ಹಿಂಡದೆ ನೆರಳಲ್ಲಿ ಒಣಗ್ಸು ಅಂದಿದ್ದೂ ಅವ್ರೇ, ಬಿಸಿನೀರಿಗೆ ಹಾಕಿ ಉಜ್ಜಿದ್ರೆ ಗಟ್ಟಿ ಕಟ್ಕೊಂಡು ಮಗು ಕೈಯಷ್ಟಾಗುತ್ತೆ. ಅಜ್ಜಿ ಕೂಲಿ ಬೇಡ ಅಂದ್ರು, ನಾನು ಒಪ್ಲಿಲ್ಲ, ಲಡಿಗಿಷ್ಟು ಅಂತ ಕೊಟ್ಟೇ ತಂದೆ. ನೂಲೋ ಕೈಗೆ ದುಡ್ಡು ಕೊಡ್ದೆ ಕಲೆ ಉಳಿಸ್ಬೇಕು ಅಂತ ಮಾತಾಡೋದು ನಂಗೆ ಸರಿ ಕಾಣಲ್ಲ, ಇದನ್ನ ಜೋರಾಗೇ ಹೇಳ್ತೀನಿ.

ನಮ್ಮ ಮನೆಯವ್ರಿಗೆ, ರಾತ್ರಿ ಪಾಳಿ ಮುಗ್ಸಿ ಬಂದು ಮಾವನ ಸ್ನಾನ ನೋಡ್ಕೊಂಡಿದ್ದಕ್ಕೆ. ಅತ್ತೆಗೆ, ತಮ್ಮ ಕೈಯಾರೆ ನೂತ ನೂಲನ್ನ ಗುರುತಿಲ್ಲದೋರ ಕೈಗೆ ಕೊಡೋಕೆ ಒಂದು ಸಲಾನೂ ಬೇಡ ಅನ್ನದೇ ಇದ್ದಿದ್ದಕ್ಕೆ.

ಮತ್ತೆ ಮಾವ. ಫೆಬ್ರವರಿಯಿಂದ ಎಲ್ಲಾ ನೂಲೂ ಉಂಡೆ ಸುತ್ತಿದ್ದು ಅವ್ರೇ, ಲಡಿನ ಕುರ್ಚಿ ಬೆನ್ನಿಗೆ ಹಾಕಿ, ಉಂಡೆನ ಬಲಗೈ ಮುಷ್ಟಿ ಮೇಲಿಟ್ಟು, ಎಡಗೈಲಿ ಸುತ್ತೋದು. ಮೊದಲು ಒಂದು ಲಡಿಗೆ ಎರಡು ದಿನ ಬೇಕಿತ್ತು, ಈಗ ಒಂದು ಮಧ್ಯಾಹ್ನ. ಎಳೆ ತೆಳ್ಳಗಾದ ಕಡೆ ನಿಲ್ಸಿ ನನ್ನ ಕಡೆ ನೋಡ್ತಾರೆ, ನಾನು ಅಲ್ಲಿ ಗಂಟು ಹಾಕ್ಕೊಡ್ತೀನಿ. ಮಾತು ಇನ್ನೂ ನಾಲ್ಕೈದೇ, ಅದ್ರಲ್ಲಿ ಒಂದು "ಬಿಗಿ", ಇನ್ನೊಂದು "ಸಡ್ಲ". ನನ್ನ ಹೆಣಿಗೆ ನೋಡಿ ಹೇಳೋದು.

ಇವತ್ತು ಬೆಳಿಗ್ಗೆ ಒಬ್ರು ಫೋನ್ ಮಾಡಿದ್ರು, ಅವ್ರ ತಾಯಿಗೆ ಎಡಗೈದು ಬೇಕಂತೆ, ಕೈ ಸಣ್ಣದಂತೆ. ಮೈಸೂರಿನಿಂದ ಬಂದಿದ್ದ ಬೂದು ಬಣ್ಣದ ಉಣ್ಣೆ ತೂಕ ಹಾಕಿದೆ, 18 ಗ್ರಾಂ ಇದೆ, ಸಣ್ಣ ಕೈಗೆ ಆಗುತ್ತೆ. ಮಾವ ಆಗ್ಲೇ ಸುತ್ತೋಕೆ ಕೂತಿದಾರೆ.