ಕಾಫಿ ಹಣ್ಣು ಕೊಯ್ಲಿಗೆ ಮುಂಚೆ: ಮೇಸ್ತ್ರಿಗಳ ಒಪ್ಪಂದದ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಅರೇಬಿಕಾ ಕಾಫಿ ಕೊಯ್ಲು ಹತ್ತಿರ ಬಂತು. ಮೇಸ್ತ್ರಿಗಳ (ಕಮಿಷನ್‌ಗೆ ಆಳು ಕರೆತರುವವರ) ಮೂಲಕ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಆಳು ಕರೆಸುತ್ತಿರುವ ಮೂಡಿಗೆರೆ, ಆಲ್ದೂರು ಕಡೆಯ ಸದಸ್ಯರು ಇದನ್ನು ಪೂರ್ತಿ ಓದಿ.

ಆಳುಗಳ ಆಧಾರ್ ಕಾರ್ಡ್ ಮೇಸ್ತ್ರಿಯ ಚೀಲದಲ್ಲೋ ರೈಟರ್ (ತೋಟದ ಗುಮಾಸ್ತ) ಮೇಜಿನ ಡ್ರಾದಲ್ಲೋ ಇರಬಾರದು. ಜೆರಾಕ್ಸ್ ಮಾಡಿಸಿ, ಅಸಲನ್ನು ಅವತ್ತೇ ವಾಪಸ್ ಕೊಡಿ. ‘ಕಳೆದುಹೋಗುತ್ತೆ ಅಂತ ಇಟ್ಕೊಂಡಿದ್ದೀನಿ’ ಅನ್ನುವುದು ಹಳೇ ನೆಪ. ಮುಂಗಡ ತೀರುವವರೆಗೆ ಊರಿಗೆ ಹೋಗುವಂತಿಲ್ಲ ಅಂತ ತಡೆದರೆ ಅದು ಜೀತವೇ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಲ್ಲಿ ಇದಕ್ಕೆ 3 ವರ್ಷದವರೆಗೆ ಜೈಲಿದೆ. ಆಳುಗಳು ಇರುವ ಲೈನ್ ಮನೆ ಗೇಟಿಗೆ ರಾತ್ರಿ ಬೀಗ ಹಾಕುವುದೂ ಬೇಡ.

ಕಮಿಷನ್ ಕಡಿಮೆ ಕೇಳುವ ಮೇಸ್ತ್ರಿಗೇ ಕೆಲಸ ಕೊಡುತ್ತೇವೆ, ಅಲ್ವಾ? ಆ ಉಳಿತಾಯ ಯಾರ ಕೂಲಿಯಿಂದ ಬರುತ್ತದೆ ಅಂತ ಯಾರೂ ಕೇಳುವುದಿಲ್ಲ. ಈ ಸಲ ಒಪ್ಪಂದದಲ್ಲೇ ಬರೆಸೋಣ. ಕೂಲಿ ನೇರವಾಗಿ ಆಳಿನ ಖಾತೆಗೆ ಹೋಗಬೇಕು, ಗಂಡ ಹೆಂಡತಿಗೆ ಬೇರೆ ಬೇರೆ. ಕರೆತಂದ ಖರ್ಚು ಅವರ ಸಾಲವಾಗಬಾರದು. ಸಂಜೆ ಹಣ್ಣಿನ ತೂಕದ ಚೀಟಿ ಅವರಿಗೂ ಒಂದು ಕೊಡಬೇಕು.

ಇನ್ನೊಂದು ವಿಷಯ. 2027ರ ಡಿಸೆಂಬರ್‌ನಿಂದ ಬಲವಂತದ ದುಡಿಮೆಯ ಮಾಲಿಗೆ ಯೂರೋಪಿಯನ್ ಒಕ್ಕೂಟದಲ್ಲಿ ನಿಷೇಧ. ನಮ್ಮ ಕಾಫಿ ಜಾಸ್ತಿ ಹೋಗುವುದು ಅಲ್ಲಿಗೇ. ಖರೀದಿದಾರರು ಕಾಗದ ಕೇಳಿಯೇ ಕೇಳುತ್ತಾರೆ.

ರೈಟರ್‌ಗಳಿಗೂ ತಿಳಿಸಿ: ದೂರು ಹೇಳಿದ ಆಳನ್ನು ಗದರಬಾರದು. ಮಕ್ಕಳು ಕೊಯ್ಲಿಗೆ ಇಳಿದಿದ್ದು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ತೋಟ ಯಾರದ್ದೇ ಆಗಲಿ.

ಭಾನುವಾರ ಬೆಳಿಗ್ಗೆ 10:30ಕ್ಕೆ ಸಂಘದ ಕಚೇರಿಯಲ್ಲಿ ಸೇರೋಣ. ಮೇಸ್ತ್ರಿ ಒಪ್ಪಂದದ ಪ್ರತಿ ತನ್ನಿ. ಬಾಯಿಮಾತಿನ ಒಪ್ಪಂದವಾದರೂ ಸರಿ, ಬನ್ನಿ, ಅಲ್ಲೇ ಬರೆಯೋಣ. ಬರುವವರು ಶುಕ್ರವಾರದೊಳಗೆ ಇಲ್ಲೇ ಗ್ರೂಪಲ್ಲಿ ಹೆಸರು ಹಾಕಿ. ಸುಮ್ನೆ ಹೆಬ್ಬೆರಳಿನ ಇಮೋಜಿ ಒತ್ತಬೇಡಿ, ಲೆಕ್ಕ ಸಿಗುವುದಿಲ್ಲ.