ಕ್ವಾರಿ ಹೊಂಡದ ಸುತ್ತ ಒಂದು ಸೈಕಲ್ ದಾರಿ

ಸಂಪಾದಕರಿಗೆ ನಮಸ್ಕಾರ,

ಬೇಸಿಗೆ ರಜೆಯಲ್ಲಿ ಹದಿನೈದು ದಿನ ಸಿಂಗಪುರದಲ್ಲಿ ಮಗನ ಮನೆಯಲ್ಲಿದ್ದೆ. ಹೋದ ವಾರ ಊರಿಗೆ ಬಂದೆ. ಅಲ್ಲಿ ನೋಡಿದ ಒಂದು ಜಾಗ ಇನ್ನೂ ಕಣ್ಣಲ್ಲೇ ಇದೆ, ಅದಕ್ಕೆ ಈ ಪತ್ರ. ನಾನು ಮಾಗಡಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ನಮ್ಮಪ್ಪ ಸುತ್ತಿಗೆ, ಉಳಿ ಹಿಡಿದು ಕಲ್ಲು ಒಡೆದೇ ನಮ್ಮನ್ನು ಓದಿಸಿದವರು.

ಆ ಜಾಗದ ಹೆಸರು ಪುಲಾವ್ ಉಬಿನ್. ಮಲಯ್ ಭಾಷೆಯಲ್ಲಿ ಪುಲಾವ್ ಅಂದರೆ ದ್ವೀಪ. ಸಿಂಗಪುರದ ಈಶಾನ್ಯಕ್ಕಿರುವ ಸಣ್ಣ ದ್ವೀಪ ಅದು, ಸುಮಾರು ಹತ್ತು ಚದರ ಕಿಲೋಮೀಟರ್. ಚಾಂಗಿ ಪಾಯಿಂಟ್‌ನಲ್ಲಿ ಮರದ ದೋಣಿ ಹತ್ತಬೇಕು. ಅದಕ್ಕೆ ಟೈಮ್ ಅಂತ ಇಲ್ಲ. ಹನ್ನೆರಡು ಜನ ತುಂಬಿದರೆ ಹೊರಡುತ್ತದೆ, ನಮ್ಮ ಹಳ್ಳಿ ಟೆಂಪೋ ಹಾಗೆ. ಆಚೆ ದಡದಲ್ಲಿ ಎತ್ತರದ ಕಟ್ಟಡಗಳೇ ಇಲ್ಲ. ತಗಡಿನ ಸೂರಿನ ಮನೆಗಳು, ತೆಂಗಿನ ಮರಗಳು, ಎಳನೀರಿನ ಅಂಗಡಿ, ಸಾಲಾಗಿ ನಿಲ್ಲಿಸಿದ ಬಾಡಿಗೆ ಸೈಕಲ್‌ಗಳು. ಕಾಡುಹಂದಿಯೊಂದು ಮರಿಗಳ ಜೊತೆ ರಸ್ತೆ ದಾಟಿ ಹೋಯಿತು. ಸಿಂಗಪುರಕ್ಕೆ ಹೋಗುವ ನಮ್ಮವರು ಸೆಂಟೋಸಾ, ಮುಸ್ತಫಾ ಅಂಗಡಿ ನೋಡಿಕೊಂಡು ಬಂದುಬಿಡುತ್ತಾರೆ. ಒಂದು ದಿನ ಇಲ್ಲಿಗೂ ಹೋಗಿ ಅಂತ ನಾನು ಹೇಳುತ್ತೇನೆ.

ದ್ವೀಪದ ಪಶ್ಚಿಮಕ್ಕೆ ಕೇತಮ್ ಮೌಂಟೇನ್ ಬೈಕ್ ಪಾರ್ಕ್ ಇದೆ. 45 ಹೆಕ್ಟೇರ್ ಜಾಗ, ಸುಮಾರು 10 ಕಿಲೋಮೀಟರ್ ಮಣ್ಣಿನ ದಾರಿ. ಬೇರು, ಬಂಡೆ, ಜಲ್ಲಿ, ಇಳಿಜಾರು ಎಲ್ಲ ಇದೆ. ನನಗೆ 54 ವರ್ಷ. ಸೈಕಲ್ ಹೊಸದಲ್ಲ, ಆದರೆ ಇಂಥ ದಾರಿಯಲ್ಲಿ ಯಾವತ್ತೂ ಓಡಿಸಿರಲಿಲ್ಲ. ‘ಅಮ್ಮ, ಇಳಿಜಾರಲ್ಲಿ ಸೀಟಿನ ಮೇಲೆ ಕೂರಬೇಡ. ಎರಡೂ ಪೆಡಲ್ ಸಮ ಮಾಡಿ ನಿಂತ್ಕೋ, ಭಾರ ಹಿಂದಕ್ಕೆ ಹಾಕು. ಚಕ್ರ ನೋಡಬೇಡ, ದಾರಿ ನೋಡು’ ಅಂತ ಮಗ ಹಿಂದಿನಿಂದ ಕೂಗುತ್ತಲೇ ಇದ್ದ. ಮಕ್ಕಳಿಗೆ ಮೂವತ್ತು ವರ್ಷ ಪಾಠ ಹೇಳಿದವಳು ನಾನು. ಅವತ್ತು ಮಗನಿಂದ ಹೇಳಿಸಿಕೊಂಡು ಕಲಿತೆ, ತುಂಬಾ ಖುಷಿಯಾಯಿತು.

ಒಂದು ತಿರುವಿನಲ್ಲಿ ಬಿದ್ದೆ. ಬಾಡಿಗೆ ಸೈಕಲ್‌ನ ಹಿಂದಿನ ಬ್ರೇಕ್ ಸವೆದಿತ್ತು, ಜಲ್ಲಿ ಮೇಲೆ ಹಿಡಿಯಲಿಲ್ಲ. ಮಂಡಿ ತರಚಿತು, ಅಷ್ಟೇ. ಹೋಗುವವರು ದುಡ್ಡು ಕೊಡುವ ಮೊದಲು ಎರಡೂ ಬ್ರೇಕ್ ಅಮುಕಿ ನೋಡಿ, ಹೆಲ್ಮೆಟ್ ಕೇಳಿ ತೆಗೆದುಕೊಳ್ಳಿ.

ನನಗೆ ಜಾಸ್ತಿ ಹಿಡಿಸಿದ್ದು ಅಲ್ಲಿಯ ಬೋರ್ಡುಗಳು. ದಾರಿ ಕವಲೊಡೆಯುವಲ್ಲಿ ಗುರುತು ಇದೆ. ನೀಲಿ ಚೌಕ ಇದ್ದರೆ ಸಾಧಾರಣ ಕಷ್ಟ. ಕಪ್ಪು ವಜ್ರದ ಗುರುತು ಇದ್ದರೆ ಕಷ್ಟ. ಎರಡು ಕಪ್ಪು ವಜ್ರ ಇದ್ದರೆ ಪಳಗಿದವರಿಗೆ ಮಾತ್ರ. ನಾನು ನೀಲಿ ಬಿಟ್ಟು ಆಚೆ ಹೋಗಲಿಲ್ಲ. ತನ್ನ ಕೈಲಿ ಎಷ್ಟಾಗುತ್ತದೆ ಅನ್ನುವುದನ್ನು ಮಕ್ಕಳು ಓದಿಕೊಂಡು ತಾವೇ ತೀರ್ಮಾನ ಮಾಡುವುದು ದೊಡ್ಡ ಪಾಠ ಅಲ್ವಾ? ದಾರಿ ಮಾಡಿದ ರೀತಿಯನ್ನೂ ನೋಡಿದೆ. ಗುಡ್ಡದಿಂದ ನೇರ ಕೆಳಗೆ ಬಿಟ್ಟರೆ ಮಳೆನೀರು ಅದೇ ದಾರಿ ಹಿಡಿದು ಹರಿದು ಮಣ್ಣು ಕೊಚ್ಚಿ ಕೊರಕಲು ಮಾಡುತ್ತದೆ. ಅದಕ್ಕೆ ಇಂಥ ದಾರಿಯನ್ನು ಇಳಿಜಾರಿಗೆ ಅಡ್ಡಡ್ಡವಾಗಿ, ಹೊರಗಡೆಗೆ ಚೂರು ವಾಲಿಸಿ ಕಡಿಯುತ್ತಾರೆ. ನಮ್ಮ ರೈತರು ಬದು ಹಾಕುವಾಗ ನೀರಿನ ಲೆಕ್ಕ ನೋಡುತ್ತಾರಲ್ಲ, ಅದೇ ಲೆಕ್ಕ.

ಒಂದು ಏರು ಹತ್ತಿ ಏದುಸಿರು ಬಿಡುತ್ತಾ ನಿಂತಾಗ ಬೇಲಿಯಾಚೆ ದೊಡ್ಡ ಕೆರೆ ಕಂಡಿತು. ಹಸಿರು ನೀರು, ಸುತ್ತ ಕಡಿದಾದ ಬಂಡೆಗೋಡೆ. ನೋಡಿದ ತಕ್ಷಣ ಗೊತ್ತಾಯಿತು, ಅದು ಕೆರೆಯಲ್ಲ, ಕಲ್ಲು ಕ್ವಾರಿಯ ಹೊಂಡ. ನಾನು ಹುಟ್ಟಿ ಬೆಳೆದದ್ದೇ ಅಂಥದ್ದರ ಪಕ್ಕ. ಉಬಿನ್ ಅನ್ನುವ ಹೆಸರೇ ಗ್ರಾನೈಟ್ ಕಲ್ಲಿನಿಂದ ಬಂದದ್ದಂತೆ. 1850ರ ಹೊತ್ತಿಗೆ ಹಾರ್ಸ್‌ಬರ್ಗ್ ದೀಪಸ್ತಂಭಕ್ಕೆ ಇಲ್ಲಿಂದಲೇ ಕಲ್ಲು ಹೋಗಿತ್ತು. ಕೊನೆಯ ಕ್ವಾರಿ 1999ರಲ್ಲಿ ನಿಂತಿತು. 2008ರಲ್ಲಿ ಕೇತಮ್ ಕ್ವಾರಿಯ ಸುತ್ತ ಈ ಸೈಕಲ್ ದಾರಿ ಶುರುವಾಯಿತು. ಬೇಲಿ ಹಿಡಿದು ಸುಮಾರು ಹೊತ್ತು ನಿಂತೆ. ಅಪ್ಪ ನೆನಪಾದರು.

ಇನ್ನೊಂದು ನೆನಪೂ ಬಂತು. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಒಂಬತ್ತನೇ ಕ್ಲಾಸಿನ ಹುಡುಗ, ಒಳ್ಳೆ ಓಟಗಾರ, ಊರಾಚೆಯ ಹಳೇ ಕ್ವಾರಿಯಲ್ಲಿ ಈಜಲು ಹೋಗಿ ವಾಪಸ್ ಬರಲಿಲ್ಲ. ಬೇಲಿ ಇರಲಿಲ್ಲ. ಬೋರ್ಡೂ ಇರಲಿಲ್ಲ. ಇವತ್ತಿಗೂ ಇಲ್ಲ. ಹೊಂಡದ ಅಂಚು ನೇರ ಕಡಿದಿರುವುದರಿಂದ ಒಂದು ಹೆಜ್ಜೆ ಇಟ್ಟರೆ ಆಳವೇ. ಹತ್ತಲು ಕೈಗೆ ಏನೂ ಸಿಗುವುದಿಲ್ಲ.

ನಮ್ಮ ರಾಜ್ಯದಲ್ಲಿ ಕಲ್ಲು ತೆಗೆದು ಬಿಟ್ಟುಹೋದ ಹೊಂಡಗಳಿಗೆ ಬರವಿಲ್ಲ. ಬೆಂಗಳೂರಿನ ಪಕ್ಕದ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕ್ವಾರಿಗಳಿಗೆ ನಗರದ ಕಸ ಸುರಿದದ್ದು ಎಲ್ಲರಿಗೂ ಗೊತ್ತು. ಎಲ್ಲ ಹೊಂಡಕ್ಕೂ ಸೈಕಲ್ ದಾರಿ ಮಾಡಿ ಅಂತ ನಾನು ಕೇಳುತ್ತಿಲ್ಲ. ಜಿಲ್ಲೆಗೆ ಒಂದು ಸಾಕು. ಬಾಗಲಕೋಟೆ ಜಿಲ್ಲೆಯನ್ನೇ ನೋಡಿ. ಇಳಕಲ್ ಗ್ರಾನೈಟ್ ಅಲ್ಲಿಯದು, ಒಳ್ಳೊಳ್ಳೆ ಸೈಕಲ್ ಪಟುಗಳೂ ಅಲ್ಲಿಯವರು. ಅಲ್ಲಿಂದ ಶುರು ಮಾಡಬಹುದು. ಇದಕ್ಕೆ ಸಿಮೆಂಟ್ ಬೇಡ, ಟಾರ್ ಬೇಡ. ಗುದ್ದಲಿ, ಪಿಕಾಸಿ, ಇಳಿಜಾರು ಗೊತ್ತಿರುವವರು ಬೇಕು. ಕಲ್ಲು ಒಡೆದ ಊರುಗಳಲ್ಲಿ ಅಂಥವರು ಇದ್ದೇ ಇದ್ದಾರೆ. ಗಣಿಯಿಂದ ತೊಂದರೆಯಾದ ಊರುಗಳಿಗೆ ಅಂತಲೇ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ. ಅದರಲ್ಲಿ ಒಂದು ಪಾಲು ಇದಕ್ಕೆ ಕೊಡಲಿ.

ಸೈಕಲ್ ದಾರಿಗೆ ವರ್ಷಗಳೇ ಹಿಡಿಯಬಹುದು, ಕಾಯೋಣ. ಬೇಲಿಗೆ ಮಾತ್ರ ಅಷ್ಟು ದಿನ ಬೇಡ. ಇನ್ನೇನು ಮಳೆ ಶುರುವಾಗಿ ಹೊಂಡಗಳು ತುಂಬುತ್ತವೆ, ಮಕ್ಕಳು ಈಜಲು ಹೊರಡುತ್ತಾರೆ. ಅದಕ್ಕೆ ಮೊದಲು ಊರ ಹತ್ತಿರದ ಕ್ವಾರಿಗಳಿಗೆ ತಂತಿ ಬೇಲಿ ಹಾಕಿಸಿ, ಆಳ ಎಷ್ಟಿದೆ ಅಂತ ಬರೆದ ಬೋರ್ಡ್ ನೆಡಿಸಿ.

— ಒಬ್ಬ ದೈಹಿಕ ಶಿಕ್ಷಣ ಶಿಕ್ಷಕಿ, ಮಾಗಡಿ ತಾಲ್ಲೂಕು