ವಾಕ್ಯ ಕಳಿಸುವ ಮುಂಚೆ ಅಧ್ಯಾಯ ಓದಿ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು.

ಹೋದ ವಾರ ಕೌಲ್ ಬಜಾರಿನಲ್ಲಿ ನಮ್ಮ ಅಕ್ಕ ಒಬ್ಬರ ಮನೆಗೆ ಪ್ರಾರ್ಥನೆಗೆ ಹೋಗಿದ್ದೆವು. ಶುಗರ್ ಗುಳಿಗೆಯ ಸ್ಟ್ರಿಪ್ ಬೈಬಲ್ಲಿನೊಳಗೆ ಹಾಗೇ ಇತ್ತು, ಒಂದು ಗುಳಿಗೆಯನ್ನೂ ತೆಗೆದಿರಲಿಲ್ಲ. "ಆತನ ಬಾಸುಂಡೆಗಳಿಂದ ನಮಗೆ ಗುಣವಾಯಿತು" ಎಂದು ಇದೇ ಗುಂಪಿನಲ್ಲಿ ಬಂದ ಫೋಟೋ ನೋಡಿ ಗುಳಿಗೆ ಬಿಟ್ಟಿದ್ದರಂತೆ. ಅವರ ಕಾಲಿನ ಗಾಯ ನೋಡಿ ನನಗೆ ಮಾತೇ ಬರಲಿಲ್ಲ.

ಆ ಸಾಲು ಇರುವ ಯೆಶಾಯ 53:5 ಪೂರ್ತಿ ಓದಿ. ಮೊದಲು ಬರುವುದು ನಮ್ಮ ದ್ರೋಹ, ನಮ್ಮ ಅಪರಾಧ. 1 ಪೇತ್ರ 2:24 ಸಹ ಪಾಪದ ಮಾತನ್ನೇ ಆಡುತ್ತದೆ. ದೇವರು ವಾಸಿಮಾಡುತ್ತಾನೆ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಔಷಧ ಬಿಡು ಎಂದು ಆ ವಾಕ್ಯ ಹೇಳಿಲ್ಲ. ತಿಮೊಥೆಯನ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದವನು ಪೌಲನೇ (1 ತಿಮೊಥೆಯ 5:23).

1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತದ್ದು ನಮ್ಮೂರಲ್ಲೇ. ಅಷ್ಟು ವರ್ಷ ಬೆವರು ಸುರಿಸಿ ಕೊಟ್ಟದ್ದನ್ನು ನಾವು ಅರ್ಧ ಸಾಲು ಕತ್ತರಿಸಿ ಹಂಚುವುದು ಬೇಡ.

ವಾಕ್ಯ ಹಾಕುವವರು ಹಿಂದುಮುಂದಿನ ವಚನ ಓದಿಯೇ ಹಾಕಿ. ಗುರುವಾರ ಸಂಜೆ 7ಕ್ಕೆ ಯೆಶಾಯ 53 ಕೂಡಿ ಓದೋಣ, ಬೈಬಲ್ ತನ್ನಿ. ಅಕ್ಕನವರು ಡಾಕ್ಟರಿಗೆ ತೋರಿಸಿ ಮತ್ತೆ ಗುಳಿಗೆ ಶುರು ಮಾಡಿದ್ದಾರೆ, ಪ್ರಾರ್ಥನೆಯಲ್ಲಿ ನೆನೆಯಿರಿ.